ಈಶಾನ್ಯ ಮೂಲೆಯ ಒಣ ಹೊಂಡ

ನಮ್ಮ ಹೊಲದ ಹೊಂಡ ತುಂಬಲಿಲ್ಲ. ಯಾಕೆಂದರೆ ಅದನ್ನು ದಿನ್ನೆಯ ಮೇಲೆ ತೋಡಿಸಿದ್ದರು. ನಡೆದದ್ದು ಇಷ್ಟೇ.

ಉಳಿದದ್ದೆಲ್ಲ ಕಟ್ಟುಕತೆ. ಊರಲ್ಲಿ ಯಾರನ್ನು ಕೇಳಿದರೂ ಒಂದೊಂದು ಕಾರಣ ಹೇಳುತ್ತಾರೆ. ದೃಷ್ಟಿ ತಾಗಿದೆ ಎನ್ನುವವರುಂಟು. ತೋಡುವ ದಿನ ಒಡೆದ ತೆಂಗಿನಕಾಯಿ ಕೆಟ್ಟಿತ್ತು ಎನ್ನುವವರುಂಟು (ಕೆಟ್ಟಿರಲಿಲ್ಲ, ಅದರ ಚಟ್ನಿ ಅರೆದವಳು ನಾನೇ). ನಮ್ಮ ಮನೆಯವರನ್ನು ಕೇಳಿದರೆ, ಈ ವರ್ಷ ಮಳೆ ಬಂದ ದಿಕ್ಕೇ ಸರಿಯಿರಲಿಲ್ಲ ಎನ್ನುತ್ತಾರೆ. ಮಳೆ ಮೇಲಿನಿಂದ ಬಂತು. ಎಲ್ಲಾ ವರ್ಷವೂ ಅಲ್ಲಿಂದಲೇ ಬರುತ್ತದೆ.

ಈ ಸಲ ಹಸ್ತದ ಮಳೆ ಕೈಬಿಚ್ಚಿ ಸುರಿಯಿತು. ಬೆಳಗಾಗುವಷ್ಟರಲ್ಲಿ ಹೊಳಗುಂದದ ದಾರಿಯ ಹಳ್ಳ ತುಂಬಿ, ಆದೋನಿಯಿಂದ ಬರುವ ಬಸ್ಸು ಆಚೆ ದಡದಲ್ಲೇ ನಿಂತಿದೆ ಎಂಬ ಸುದ್ದಿ ಬಂತು. ನಮ್ಮ ಮನೆಯವರು ಚಹಾ ಕೂಡ ಕುಡಿಯಲಿಲ್ಲ. ಹೆಗಲಿಗೆ ಟವೆಲು ಹಾಕಿಕೊಂಡು, ಕೈಗೆ ಕೋಲು ತೆಗೆದುಕೊಂಡು, "ಬಾ, ಹೊಂಡ ನೋಡಿ ಬರೋಣು" ಎಂದರು.

ನನ್ನನ್ನು ಹೊಲಕ್ಕೆ 'ಹೋಗು' ಎಂದವರು ಅವರು. 'ಬಾ' ಎಂದದ್ದು ಕಡಿಮೆ. ಹೆರಿಗೆಯಾದ ಮನೆಗೆ ಕೂಸು ತೋರಿಸಲು ಕರೆದುಕೊಂಡು ಹೋಗುವವರ ಹಾಗೆ ಮುಂದೆ ಮುಂದೆ ನಡೆದರು. ನಾನು ಹಿಂದೆ. ನನ್ನ ಹಿಂದೆ ಸೊಸೆ ಲಕ್ಷ್ಮಿದೇವಿ, ಸೊಂಟದ ಮೇಲೆ ಖಾಲಿ ಬಿಂದಿಗೆ. ಇವತ್ತು ಹೊಂಡದಿಂದಲೇ ಬಿಂದಿಗೆ ತುಂಬುವುದು ಎಂದು ಆಕೆಯ ಲೆಕ್ಕ.

ಹೊಂಡದ ದಂಡೆ ಹತ್ತಿ ನಿಂತೆವು. ಒಳಗೆ ನೋಡಿದೆವು.

ತಳದಲ್ಲಿ ಒಂದು ಪರಾತಕ್ಕೆ ಹಿಡಿಯುವಷ್ಟು ಕೆಂಪು ನೀರು. ಎಲ್ಲಿಂದಲೋ ಬಂದ ಒಂದು ನಾಯಿ ಆ ನೀರನ್ನು ಕುಡಿಯುತ್ತಿತ್ತು. ನಮ್ಮನ್ನು ನೋಡಿ ಓಡಲೂ ಇಲ್ಲ. ಕುಡಿದು, ಬಾಯಿ ನೆಕ್ಕಿಕೊಂಡು, ಆಮೇಲೆ ಹೋಯಿತು.

"ನೀಳ್ಳು ಲೇವು ಅತ್ತಮ್ಮಾ," ಎಂದಳು ಲಕ್ಷ್ಮಿದೇವಿ. ಆಕೆಯ ತವರು ಪತ್ತಿಕೊಂಡದ ಕಡೆ. ನಮ್ಮ ಮನೆಗೆ ಬಂದು ಕನ್ನಡ ಚೆನ್ನಾಗಿ ಕಲಿತಿದ್ದಾಳೆ, ಆದರೆ ದುಃಖವಾದಾಗ ತೆಲುಗೇ ಬರುತ್ತದೆ. ನೀರಿಲ್ಲ ಎನ್ನುವುದಕ್ಕೆ ಯಾವ ಭಾಷೆಯಾದರೇನು? ಕಣ್ಣಿಗೆ ಕಾಣುತ್ತಿತ್ತು.

ನಮ್ಮ ಮನೆಯವರು ಆಕಾಶ ನೋಡಿದರು.

*

ಈಗ ಹೊಂಡದ ಕತೆ ಹೇಳಬೇಕು. ಇಲ್ಲದಿದ್ದರೆ ನಿಮಗೆ ಅವರ ಮೇಲೆ ಸುಮ್ಮನೆ ಸಿಟ್ಟು ಬರುತ್ತದೆ. ಸಿಟ್ಟು ಬರಲಿ, ಆದರೆ ತಿಳಿದು ಬರಲಿ.

ಕಳೆದ ಬೇಸಿಗೆಗೆ ಮೊದಲು ಪಂಚಾಯಿತಿ ಕಟ್ಟೆಯ ಮುಂದೆ ಒಂದು ಸಭೆ ಮಾಡಿದರು. ಮಣ್ಣು ಉಳಿಸಿ, ನೀರು ಉಳಿಸಿ ಎಂದು ಒಂದು ದೊಡ್ಡ ಬ್ಯಾನರ್ ಕಟ್ಟಿದ್ದರು. ಉದ್ಯೋಗ ಖಾತ್ರಿಯ ಉಪಾಧಿ ಕೆಲಸದಲ್ಲಿ ಹೊಲದ ಬದು ಹಾಕಿಸಿಕೊಡುತ್ತೇವೆ, ಕಂದಕ ತೋಡಿಸಿಕೊಡುತ್ತೇವೆ, ಬೇಕೆಂದವರಿಗೆ ಫಾರ್ಮ್ ಪಾಂಡ್ ಎಂದರೆ ಹೊಲದ ಹೊಂಡ ಕೊಡುತ್ತೇವೆ, ಹಣ್ಣಿನ ಸಸಿ ಕೊಡುತ್ತೇವೆ ಎಂದರು. ಕೆಲಸ ಸರ್ಕಾರದ್ದು, ಹೊಲ ನಿಮ್ಮದು. ಇನ್ನೇನು ಬೇಕು?

ನಮ್ಮ ಊರಿನವರಿಗೆ ಬದು ಎಂದರೆ ಅಷ್ಟಕ್ಕಷ್ಟೇ. ಹಿಂದೆಯೂ ಒಮ್ಮೆ ಬದು ಹಾಕಿಸಿಕೊಟ್ಟಿದ್ದರು. ಆ ವರ್ಷ ಎದೆಮಟ್ಟ ಇತ್ತು. ಮರುವರ್ಷ ಕುಂಟೆ ಹೊಡೆಯುವಾಗ ಈಚೆಯವನು ಒಂದು ಸಾಲು ಒತ್ತಿದ. ಅದನ್ನು ನೋಡಿ ಆಚೆಯವನೂ ಒಂದು ಸಾಲು ಒತ್ತಿದ. ಹಾಗೇ ಒತ್ತುತ್ತಾ ಒತ್ತುತ್ತಾ ಬದು ಸಣ್ಣಗಾಗಿ, ಈಗ ಅದರ ಮೇಲೆ ಓತಿಕ್ಯಾತ ನಡೆಯಬೇಕಾದರೂ ತೂಗಿಕೊಂಡು ನಡೆಯಬೇಕು. ಮಣ್ಣು ಹೋದರೆ ಹೋಗಲಿ, ಪಕ್ಕದವನಿಗೆ ಒಂದು ಸಾಲು ಹೆಚ್ಚು ಸಿಗಬಾರದು. ಇದು ನಮ್ಮ ಭೂಸಾರ ಸಂರಕ್ಷಣೆ.

ಆದರೆ ಹೊಂಡ ಎಂದಾಗ ನಮ್ಮ ಮನೆಯವರ ಕಿವಿ ನೆಟ್ಟಗಾದವು. ಲಕ್ಷ್ಮಿದೇವಿ ಅದಾಗಲೇ ಮಾವಿನ ಸಸಿಗೆ ಹೆಸರು ಬರೆಸಿದ್ದಳು. ಮಗ ಆದೋನಿಯ ಜಿನ್ನಿಂಗ್ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾನೆ, ಹೊಲ ನೋಡುವವಳು ಈಕೆ. ನಮ್ಮ ಹೊಲ ಎರಡು ಪಟ್ಟಾ ಪಾಸ್‌ಬುಕ್ಕಿನಲ್ಲಿದೆ. ಮೇಲಿನದು ನಮ್ಮ ಮನೆಯವರ ಹೆಸರಿಗೆ, ಕೆಳಗಿನದು ಸೊಸೆಯ ಹೆಸರಿಗೆ. ಕೆಳಗಿನ ಭಾಗದಲ್ಲಿ ಸಸಿ ಇಡುವುದು, ಹೊಂಡದ ನೀರನ್ನು ಹೊತ್ತು ಬೇಸಿಗೆ ದಾಟಿಸುವುದು ಎಂದು ಮಾತಾಯಿತು. ಎರಡು ಬೇಸಿಗೆ ದಾಟಿದರೆ ಬೇರು ಕೆಳಗಿಳಿಯುತ್ತದೆ, ಆಮೇಲೆ ಗಿಡ ತನ್ನ ಪಾಡಿಗೆ ತಾನು ಬದುಕುತ್ತದೆ.

ಜಾಗ ನೋಡಲು ಪ್ರಸನ್ನ ಎಂಬ ಹುಡುಗಿ ಬಂದಳು. ಉಪಾಧಿ ಕೆಲಸದ ಟೆಕ್ನಿಕಲ್ ಅಸಿಸ್ಟೆಂಟ್. ಸ್ಕೂಟಿ, ತಲೆಗೆ ಟೋಪಿ, ಹೆಗಲಿಗೆ ಚೀಲ. ಹೊಲದ ತುಂಬ ಅಡ್ಡಾಡಿ ನೈರುತ್ಯ ಮೂಲೆಗೆ ಬಂದು ನಿಂತಳು. ನಮ್ಮ ಹೊಲ ಗುಡ್ಡದ ಕಡೆಯಿಂದ ಇಳಿಯುತ್ತಾ ಬಂದು ಆ ಮೂಲೆಯಲ್ಲೇ ಮುಗಿಯುವುದು. ಅಲ್ಲಿ ನೀರು ಕೊರೆದು ಕೊರೆದು ಒಂದು ಕೊರಕಲು ಬಿದ್ದಿದೆ. ನಾನು ಸೊಸೆಯಾಗಿ ಬಂದಾಗ ಅದನ್ನು ದಾಟಿ ಹೋಗುತ್ತಿದ್ದೆ. ಈಗ ಇಳಿದು ಹತ್ತಬೇಕು.

"ಇಲ್ಲೇ ತಾತಾ," ಎಂದಳು ಹುಡುಗಿ. "ನೀರು ತಾನೇ ಬಂದು ಬೀಳ್ತದೆ."

ನಮ್ಮ ಮನೆಯವರು ಸುತ್ತ ನೋಡಿದರು. ಸೂರ್ಯನನ್ನು ನೋಡಿದರು. ಮುಖ ಸಪ್ಪಗಾಯಿತು.

ಆ ವಾರವೇ ಹತ್ತಿ ಮಾರಲು ಆದೋನಿಗೆ ಹೋದರು. ಬಂದವರು ಹೊಸ ಮನುಷ್ಯ. ಯಾರೋ ವಾಸ್ತು ಹೇಳುವವನ ಮುಂದೆ ನೆಲದ ಮೇಲೆ ಹತ್ತಿಕಟ್ಟಿಗೆಯಿಂದ ಹೊಲ ಬರೆದು ತೋರಿಸಿದ್ದರಂತೆ. ಅವನು ಹೇಳಿದ್ದು: ಗುಂಡಿ ಇರಬೇಕಾದದ್ದು ಈಶಾನ್ಯಕ್ಕೆ. ನೈರುತ್ಯ ತಗ್ಗಿರಬಾರದು, ಎತ್ತರ ಇರಬೇಕು.

"ನಮ್ಮ ಹೊಲದಾಗ ಈಶಾನ್ಯ ದಿನ್ನಿ ಐತಿ," ಎಂದೆ ನಾನು.

"ಅದಕ್ಕ ಅಲ್ಲಿ ತೋಡಿ, ಆ ಮಣ್ಣು ತಂದು ನೈರುತ್ಯಕ್ಕ ಹಾಕಿದ್ರ ಎರಡೂ ಸರಿ ಆಗ್ತಾವ."

"ನೀರು ದಿನ್ನಿ ಹತ್ತಿ ಹೋಗ್ತೈತೇನು?"

"ನಿನಗ ತಿಳಿಯಂಗಿಲ್ಲ, ಸುಮ್ನಿರು."

ಇದು ನಮ್ಮ ಮನೆಯ ಹಳೆಯ ಕಾನೂನು. ನನಗೆ ತಿಳಿಯದ ವಿಷಯವೆಂದರೆ ಅವರಿಗೆ ಉತ್ತರ ತಿಳಿಯದ ವಿಷಯ.

ಪ್ರಸನ್ನ ಮತ್ತೆ ಬಂದಳು, ಮತ್ತೆ ಹೇಳಿದಳು, ಫೋನಿನಲ್ಲಿ ಏನೋ ಗೆರೆಗಳನ್ನು ತೋರಿಸಿದಳು. ಅವರು ಮಣಿಯಲಿಲ್ಲ. ನೀರು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಮಣಿಯಲಿಲ್ಲ. ಕೊನೆಗೆ ಆಕೆ, "ಮೀ ಇಷ್ಟಂ ತಾತಾ" ಎಂದು ನಿಟ್ಟುಸಿರು ಬಿಟ್ಟಳು. ನಿಮ್ಮಿಷ್ಟ ಎಂದರೆ ಇನ್ನೇನು, ಕೈ ತೊಳೆದುಕೊಂಡಂತೆ.

ಹೊಂಡ ಈಶಾನ್ಯದಲ್ಲಿ ತೋಡಿದರು. ಏನು ಚಂದದ ಹೊಂಡ! ನಾಲ್ಕೂ ಕಡೆ ಮೆಟ್ಟಿಲು ಮೆಟ್ಟಿಲಾಗಿ, ಅಂಚಿಗೆ ಕಲ್ಲು. ಮಣ್ಣನ್ನೆಲ್ಲ ನಮ್ಮ ಮನೆಯವರೇ ಎತ್ತಿನ ಬಂಡಿಯಲ್ಲಿ ಹೇರಿ ಹೇರಿ ನೈರುತ್ಯದ ಕೊರಕಲಿಗೆ ತಂದು ಸುರಿದು ಗುಡ್ಡೆ ಮಾಡಿದರು. ಈ ವಯಸ್ಸಿನಲ್ಲಿ ಆ ಮನುಷ್ಯ ಅಷ್ಟು ಮಣ್ಣು ಹೊತ್ತದ್ದನ್ನು ನೋಡಿ ನನಗೆ ಅನುಮಾನ ಬರಬೇಕಿತ್ತು. ವಾಸ್ತುವಿನ ಮೇಲಿನ ನಂಬಿಕೆಯಿಂದ ಯಾರಾದರೂ ಇಷ್ಟು ಬೆವರುತ್ತಾರೆಯೇ?

*

ಹಸ್ತದ ಮಳೆಯ ಮರುದಿನಕ್ಕೆ ಬರುತ್ತೇನೆ.

ಹೊಂಡದಲ್ಲಿ ನೀರಿಲ್ಲ ಎಂದಮೇಲೆ, ಬಿದ್ದ ನೀರು ಎಲ್ಲಿ ಹೋಯಿತು? ಹುಡುಕಬೇಕಾಗಿರಲಿಲ್ಲ. ಶೇಂಗಾ ಸಾಲುಗಳ ನಡುವೆ ಇಳಿಜಾರಿಗೆ ಗೆರೆ ಎಳೆದಂತೆ ಓಡಿ, ನೈರುತ್ಯದ ಗುಡ್ಡೆಗೆ ಡಿಕ್ಕಿ ಹೊಡೆದು, ಗುಡ್ಡೆಯನ್ನೂ ಎತ್ತಿಕೊಂಡು, ಕೆಳಗಿನ ಮಲ್ಲಯ್ಯನ ಹೊಲಕ್ಕೆ ಹೋಗಿತ್ತು. ಹಳೆಯ ಕೊರಕಲು ಈಗ ಆಳುದ್ದ ಆಗಿತ್ತು. ಲಕ್ಷ್ಮಿದೇವಿಯ ಮಾವಿನ ಸಸಿಗಳ ಬುಡದಲ್ಲಿ ಕೂಡ ನೀರು ನಿಂತಿರಲಿಲ್ಲ, ಸವರಿಕೊಂಡು ಹೋಗಿತ್ತು.

ಮಲ್ಲಯ್ಯ ಕುರಿ ಸಾಕುವವನು, ಹೊಲವೂ ಇದೆ. ವರಸೆಯಲ್ಲಿ ನನಗೆ ತಮ್ಮನಾಗಬೇಕು. ಹಾಗಾಗಿ ನಮ್ಮ ಮನೆಯವರು ಅವನಿಗೆ ಬಾವ. ಬಾವನನ್ನು ಕಾಡುವುದು ಅವನಿಗೆ ಊಟಕ್ಕಿಂತ ಹೆಚ್ಚು.

ಕೆಳಗಿನ ಹೊಲದಲ್ಲಿ ನಿಂತು ಕೂಗಿದ: "ಬಾವಾ, ನಿಮ್ಮ ಹೊಲದ ಮಣ್ಣು ನಮ್ಮ ಹೊಲಕ್ಕ ಬಂದು ಕುಂತೈತಿ. ಬೇಕಾದ್ರ ಬಂಡಿ ತಗೊಂಡು ಬರ್ರಿ, ನಿಮಗ ರೂಢಿ ಐತಿ."

ನಮ್ಮ ಮನೆಯವರು ಕೇಳಿಸದವರಂತೆ ಟವೆಲು ಕೊಡವಿದರು.

"ಮತ್ತ ಹೊಂಡ ಖಾಲಿ ಐತಂತ. ನಮ್ಮ ಕುರಿ ಅಲ್ಲಿ ತರುಬಲೇನು? ಗಾಳಿ ಬೀಸಂಗಿಲ್ಲ, ಬೆಚ್ಚಗ ಇರ್ತಾವ."

ನಮ್ಮ ಕಡೆ ಹೊಲದಲ್ಲಿ ರಾತ್ರಿ ಕುರಿ ತರುಬಿಸುತ್ತಾರೆ. ಹಿಂಡು ಮಲಗಿದ ಜಾಗಕ್ಕೆ ಗೊಬ್ಬರವಾಗುತ್ತದೆ, ಅದಕ್ಕೆ ಹೊಲದವರು ಕುರಿಯವನಿಗೆ ಜೋಳ ಕೊಡುತ್ತಾರೆ. ನಾನು ಕೇಳಿದೆ: "ಹೊಂಡದಾಗ ತರುಬಿದ್ರ ಯಾರು ಯಾರಿಗೆ ಜೋಳ ಕೊಡಬೇಕೋ ಮಲ್ಲ್ಯಾ?"

"ನೀವು ಕೊಡೂದು ಬ್ಯಾಡ ಯಕ್ಕಾ. ಬಾಡಿಗಿ ನಾನ ಕೊಡ್ತೀನಿ."

ಲಕ್ಷ್ಮಿದೇವಿ ನಗಲಿಲ್ಲ. ಖಾಲಿ ಬಿಂದಿಗೆ ಎತ್ತಿಕೊಂಡು ಊರ ತೊಟ್ಟಿಯ ಕಡೆ ನಡೆದಳು. ಊರ ತೊಟ್ಟಿ ಎಂದರೆ ಹತ್ತಿರವಲ್ಲ. ಕಳೆದ ಬೇಸಿಗೆಯೆಲ್ಲ ಆಕೆ ಅಲ್ಲಿಂದಲೇ ನೀರು ಹೊತ್ತಿದ್ದಾಳೆ. ಬುಡಕ್ಕೆ ಶೇಂಗಾ ಹೊಟ್ಟು ಮುಚ್ಚಿ, ಹಳೆಯ ಸೀರೆ ಹರಿದು ನೆರಳು ಕಟ್ಟಿ, ಮಕ್ಕಳಿಗೆ ನೀರು ಕುಡಿಸಿದ ಹಾಗೆ ಒಂದೊಂದಕ್ಕೆ ಕುಡಿಸಿದ್ದಾಳೆ. ಆದರೂ ಕೆಲವು ಒಣಗಿದವು. ಒಂದು ಬೇಸಿಗೆ ಹೀಗೆ ಕಳೆದದ್ದಾಯಿತು. ಇನ್ನೊಂದು ಇದೇ ಸೊಂಟದಲ್ಲಿ ಆಗುವುದಿಲ್ಲ. ಆಕೆ ಬಾಯಿಬಿಟ್ಟು ಹೇಳಿಲ್ಲ, ಆದರೆ ಕೂತು ಏಳುವಾಗ ಗೋಡೆ ಹಿಡಿಯುವುದನ್ನು ನಾನು ನೋಡಿದ್ದೇನೆ. ನನ್ನದು ಮುದಿ ಕಣ್ಣು, ಕುರುಡಲ್ಲ.

*

ಕೆಲವು ದಿನ ಬಿಟ್ಟು ಪ್ರಸನ್ನ ಬಂದಳು. ಒಣ ಹೊಂಡ ನೋಡಿದಳು. 'ನಾನು ಆಗಲೇ ಹೇಳಿದ್ದೆ' ಎಂದು ಅನ್ನಲಿಲ್ಲ. ಈ ಒಂದು ಗುಣಕ್ಕೆ ಆ ಹುಡುಗಿಗೆ ಒಳ್ಳೆಯ ಗಂಡ ಸಿಗಲಿ.

"ಅವ್ವಾ, ಕೆಳಗಿನ ಹೊಲ ಲಕ್ಷ್ಮಿದೇವಿ ಅಕ್ಕನ ಪಾಸ್‌ಬುಕ್ಕಿನಲ್ಲಿ ಐತಲ್ಲ. ಆಕಿ ಹೆಸರಲ್ಲಿ ಇನ್ನೊಂದು ಪಾಂಡ್ ಹಾಕಬಹುದು. ಊರಲ್ಲಿ ಒಬ್ಬರು ಬ್ಯಾಡ ಅಂದಾರ, ಅದು ಉಳಿದೈತಿ. ಆದರ ನಾಳೆ ನಾನು ಮಾರ್ಕಿಂಗ್ ಮಾಡಿ ಫೋಟೋ ಕಳಿಸಬೇಕು. ಇಲ್ಲಾಂದ್ರ ಅದು ಬೇರೆ ಊರಿಗೆ ಹೋಗ್ತದೆ."

"ಎಲ್ಲಿ ಹಾಕ್ತಿ?" ಎಂದೆ.

ಆಕೆ ನೈರುತ್ಯದ ಕಡೆ ಕೈ ತೋರಿಸಿದಳು.

ಲಕ್ಷ್ಮಿದೇವಿ ಮಾವನ ಮುಖ ನೋಡಿದಳು. ಹೊಲ ಆಕೆಯ ಹೆಸರಿನಲ್ಲಿದೆ, ಸಹಿ ಆಕೆಯದೇ ಸಾಕು. ಆದರೂ ನೋಡಿದಳು. ಕಾಗದದಲ್ಲಿ ಹೊಲ ಬಂದ ಮಾತ್ರಕ್ಕೆ ಮಾವನ ಮಾತು ಮೀರುವ ಧೈರ್ಯ ಬರುತ್ತದೆಯೇ? ನಮ್ಮ ಊರಲ್ಲಿ ಹೆಂಗಸರ ಹೆಸರಿನ ಹೊಲಗಳೆಲ್ಲ ಹೀಗೇ ಇವೆ.

"ಅಲ್ಲಿ ಬ್ಯಾಡ," ಎಂದರು ನಮ್ಮ ಮನೆಯವರು.

"ಮಾವಯ್ಯಾ, ಗಿಡ..."

"ಗಿಡಕ್ಕ ನಾ ನೀರು ಹೊರ್ತೀನಿ. ಅಲ್ಲಿ ಮಾತ್ರ ಗುಂಡಿ ಬ್ಯಾಡವ್ವ."

ಇಷ್ಟು ಹೇಳಿ ಎದ್ದು ಹೋದರು. ನನಗೆ ಅವರ ದನಿ ಹೊಸದೆನಿಸಿತು. ಅವರು ಹಟ ಮಾಡುವಾಗ ಬೈಯುತ್ತಾರೆ. ಇವತ್ತು ಬೇಡಿಕೊಂಡಂತಿತ್ತು. ಗಂಡಸು ಬೇಡಿಕೊಂಡರೆ ಅಲ್ಲಿ ಏನೋ ಇದೆ ಎಂದೇ ತಿಳಿಯಬೇಕು.

ಪ್ರಸನ್ನ ನಾಳೆ ಬೆಳಿಗ್ಗೆ ಬರುತ್ತೇನೆಂದು ಸ್ಕೂಟಿ ಹತ್ತಿದಳು. ನಾನು ನೇರವಾಗಿ ಮಲ್ಲಯ್ಯನ ಹತ್ತಿರ ಹೋದೆ. ಆದೋನಿಗೆ ಹತ್ತಿ ಹೇರಿಕೊಂಡು ಹೋದ ದಿನ ಇವನೂ ಜೊತೆಗಿದ್ದ. ಕುರಿಯೊಂದರ ಗೊರಸಿನಿಂದ ಮುಳ್ಳು ತೆಗೆಯುತ್ತಾ ಕೂತಿದ್ದ.

"ಆ ವಾಸ್ತುದವ ನಿಮ್ಮ ಬಾವಗ ಏನಂದ?" ಎಂದು ಕೇಳಿದೆ.

"ಈಶಾನ್ಯಕ್ಕ ತೋಡು ಅಂದ."

"ಅದಲ್ಲ. ನೈರುತ್ಯಕ್ಕ ತೋಡಿದ್ರ ಏನಾಗ್ತದಂತ?"

ಮಲ್ಲಯ್ಯ ಮುಳ್ಳು ಹುಡುಕುವುದನ್ನು ಇನ್ನೂ ಜೋರು ಮಾಡಿದ.

"ಕುರಿ ಬಿಡೋ. ನನ್ನ ಕಡಿ ನೋಡಿ ಹೇಳು."

"ಬಾವ ನಿಮಗ ಹೇಳಬ್ಯಾಡ ಅಂದಾನ ಯಕ್ಕಾ."

"ಅದಕ್ಕ ಕೇಳಾಕ ಹತ್ತೀನಿ."

"ನೈರುತ್ಯದಾಗ ಗುಂಡಿ ಇದ್ರ ಮನಿ ಹೆಣ್ಮಗಳಿಗೆ ಕುತ್ತು ಅಂದ. ಮನಿ ಒಡತಿನ್ನ ಒಯ್ತೈತಿ ಅಂದ. ಬಾವನ ಮುಖ ಬಿಳಚಿಕೊಂಡು ಹೋತು. ಅಲ್ಲಿ ಮಿರ್ಚಿ ಬಜ್ಜಿ ಕೊಡಸ್ತೀನಿ ಅಂದಿದ್ದ, ಅದನ್ನೂ ಕೊಡಸಲಿಲ್ಲ. ಸುಮ್ನ ಬಂದು ಟ್ರ್ಯಾಕ್ಟರ್ ಹತ್ತಿದ."

ಓದುಗರೇ, ಇಂಥ ಕಡೆ ನನಗೆ ಕಣ್ಣೀರು ಬಂತು ಎಂದು ಬರೆಯಬೇಕು. ಬರಲಿಲ್ಲ. ಸಿಟ್ಟು ಬಂತು. ನನ್ನ ಸಾವಿನ ಮಾತು ಆದೋನಿಯ ಮಾರ್ಕೆಟ್ಟಿನಲ್ಲಿ ಆಗಿದೆ, ಮಲ್ಲ್ಯಾನಿಗೆ ಗೊತ್ತಿದೆ, ಅವನ ಕುರಿಗಳಿಗೂ ಗೊತ್ತಿದ್ದೀತು, ನನಗೆ ಗೊತ್ತಿಲ್ಲ. ಇದು ಯಾವ ನ್ಯಾಯ?

ಮನೆಗೆ ಬರುವ ದಾರಿಯಲ್ಲಿ ಸಿಟ್ಟು ಸ್ವಲ್ಪ ಇಳಿಯಿತು. ಬಂಡಿಯಲ್ಲಿ ಹೇರಿದ ಮಣ್ಣು ನೆನಪಾಯಿತು. ಎತ್ತುಗಳೇ ಮುಗ್ಗರಿಸುವ ಬಿಸಿಲಿನಲ್ಲಿ ಆ ಮನುಷ್ಯ ಕೊರಕಲು ಮುಚ್ಚುತ್ತಿದ್ದದ್ದು ನೆನಪಾಯಿತು. ಹೊಲಕ್ಕೆ ವಾಸ್ತು ಎಂದು ನಾನು ಬೀದಿ ತುಂಬ ಆಡಿಕೊಂಡು ನಕ್ಕಿದ್ದೆ. ಅವರು ಒಂದು ಮಾತೂ ಆಡಿರಲಿಲ್ಲ.

*

ಸಂಜೆ ಅವರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಾ ಕೂತಿದ್ದರು. ಒಳಗೆ ಲಕ್ಷ್ಮಿದೇವಿ ರೊಟ್ಟಿ ಬಡಿಯುತ್ತಿದ್ದಳು. ನಾನು ಎದುರಿಗೆ ಕೂತೆ.

"ನಾ ಸಾಯ್ತೀನಿ ಅಂದನಂತಲ್ಲ, ನಿಮ್ಮ ವಾಸ್ತುದವ."

ಕೈ ನಿಂತಿತು. "ಮಲ್ಲ್ಯಾನ ಬಾಯಾಗ ಏನೂ ನಿಲ್ಲಂಗಿಲ್ಲ."

"ನಿಮ್ಮ ಹೊಂಡದಾಗ ನಿಂತಿದ್ದಕ್ಕಿಂತ ಹೆಚ್ಚು ದಿನ ನಿಂತೈತಿ."

ಅವರು ಇನ್ನೊಂದು ಕಾಯಿ ಸುಲಿದರು. ಬೀಜ ಬಿಸಾಕಿ ಸಿಪ್ಪೆಯನ್ನು ಮೊರಕ್ಕೆ ಹಾಕಿದರು.

"ನನಗ ಹೇಳಬೇಕಾಗಿತ್ತಿಲ್ಲೇನು?"

"ಹೇಳಿದ್ರ ನೀ ಕೇಳಾಕಿ ಏನು? ಅವತ್ತ ಹೋಗಿ ನೀನ ಅಲ್ಲಿ ಗುದ್ದಲಿ ಹಾಕ್ತಿದ್ದಿ."

ಅದು ನಿಜ.

"ಹೋದ್ರ ಹೋಗ್ತೀನಿ. ಈ ವಯಸ್ಸಿಗೆ ಯಾವ ಮೂಲಿಯಿಂದ ಹೋದ್ರೇನು?"

"ನಿನಗೇನು, ನೀ ಹೋಗ್ತಿ. ರೊಟ್ಟಿ ಯಾರು ಬಡೀಬೇಕು?"

"ಸೊಸಿ ಅದಾಳ."

ಅವರು ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದರು. "ಆಕಿ ರೊಟ್ಟಿ ದಪ್ಪ ಆಗ್ತಾವ."

"ಕೇಳಸ್ತೈತಿ ಮಾವಯ್ಯಾ," ಎಂದಿತು ಒಳಗಿನ ದನಿ. ಬಡಿಯುವ ಸದ್ದು ಜೋರಾಯಿತು.

ನಾನು ಬಿಡಲಿಲ್ಲ. "ಇಲ್ಲಿ ಕೇಳ್ರಿ. ಆ ಮೂಲ್ಯಾಗ ನೀವು ಗುಂಡಿ ತೋಡಬೇಕಾಗಿಲ್ಲ. ಅದು ಆಗಲೇ ಐತಿ. ನಾ ಈ ಮನಿಗೆ ಬಂದಾಗಿಂದ ನೀರು ಅಲ್ಲಿ ಕೊರೀತಾನ ಐತಿ. ಈಗ ಇಳಿದ್ರ ತಲಿ ಕಾಣಂಗಿಲ್ಲ, ಅಷ್ಟು ಆಳ ಆಗೇತಿ. ನೈರುತ್ಯದ ಗುಂಡಿ ನನ್ನ ಒಯ್ಯೂದಾಗಿದ್ರ ಎಂದೋ ಒಯ್ಯಬೇಕಾಗಿತ್ತು. ಮೂರು ಮಕ್ಕಳು ಹಡೆದೆ, ಅವರಿಗೆ ಮದುವಿ ಮಾಡಿದೆ, ನಿಮ್ಮ ಅವ್ವನ ಜೋಡಿ ಬಾಳ್ವಿ ಮಾಡಿದೆ. ಆ ಗುಂಡಿಗಿಂತ ದೊಡ್ಡ ಗುಂಡಿ ಆಕಿ."

ಅವರ ಮೀಸೆ ಅಲುಗಿತು. ನಗು ತಡೆದುಕೊಂಡರು ಎಂದು ನನಗೆ ಗೊತ್ತಾಯಿತು.

"ಅದು ನೀರು ತೋಡಿದ್ದು," ಎಂದರು. "ಇದು ನಾ ಕೈಯಾರೆ ತೋಡಿಸೂದು. ನಾಳಿಗೆ ನಿನಗ ಏನರ ಆತಂದ್ರ?"

"ಏನೂ ಆಗಂಗಿಲ್ಲ. ಎಲ್ಲಾ ಸುಳ್ಳು."

ಆಗ ಅವರು ಮೊರ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು.

"ಎಲ್ಲಾ ಸುಳ್ಳಾ? ಹಂಗಾದ್ರ ನನ್ನ ಹೆಸರು ಹೇಳು."

ನಾನು ಮೊರದಿಂದ ಸಿಪ್ಪೆ ಆರಿಸತೊಡಗಿದೆ.

"ಹೇಳು. ಒಂದ ಒಂದು ಸಲ ಹೇಳು. ನಾಳಿಗೇ ಅಲ್ಲಿ ಗುರುತು ಹಾಕಿಸ್ತೀನಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ನಮ್ಮ ಕಡೆಯ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಕಾಲದ ಹುಡುಗಿಯರಿಗೆ ಹೇಳುತ್ತೇನೆ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ನನಗೆ ಹೇಳಿದ್ದಳು. ಆಕೆಗೆ ಆಕೆಯ ಅವ್ವ. ಮದುವೆಯಲ್ಲಿ ಒಡಪು ಕಟ್ಟಿ, ಹಾಡಿನ ಮರೆಯಲ್ಲಿ ಒಮ್ಮೆ ಹೇಳಿಸುತ್ತಾರೆ. ಅಲ್ಲಿಗೆ ಮುಗಿಯಿತು. ಪಿಂಚಣಿಯ ಸಾಲಿನಲ್ಲಿ, ಆಸ್ಪತ್ರೆಯ ಚೀಟಿಯ ಕಿಟಕಿಯಲ್ಲಿ, 'ಗಂಡನ ಹೆಸರು?' ಎಂದು ಕೇಳಿದಾಗಲೆಲ್ಲ ನಾನು ಪಕ್ಕದವಳ ಪಕ್ಕೆ ತಿವಿಯುತ್ತೇನೆ, ಆಕೆ ಹೇಳುತ್ತಾಳೆ. ಅವಳ ಗಂಡನ ಹೆಸರನ್ನು ನಾನು ಹೇಳುತ್ತೇನೆ. ಹೀಗೆ ಊರಿನ ಗಂಡಸರನ್ನೆಲ್ಲ ನಾವು ಬದುಕಿಸಿಟ್ಟಿದ್ದೇವೆ.

ನಂಬುತ್ತೇನೆಯೇ? ನಂಬುವುದಿಲ್ಲ. ಹೇಳುತ್ತೇನೆಯೇ? ಹೇಳುವುದಿಲ್ಲ. ಸುಳ್ಳೇ ಇರಬಹುದು. ಆದರೆ ಸುಳ್ಳು ಎಂದು ಪರೀಕ್ಷೆ ಮಾಡಲು ಮನೆಯಲ್ಲಿ ಇರುವುದು ಒಬ್ಬನೇ ಗಂಡ.

"ಹೇಳಾಕ ಆಗಲಿಲ್ಲ ಹೌದಿಲ್ಲೋ?" ಎಂದರು. ದನಿಯಲ್ಲಿ ಗೆದ್ದ ಕೊಬ್ಬು ಇರಲಿಲ್ಲ. "ನನಗೂ ಹಂಗ ಆಗೇತಿ."

ಊಟಕ್ಕೆ ಎದ್ದರು. ದಪ್ಪ ರೊಟ್ಟಿಯನ್ನೇ ತಿಂದರು, ಇನ್ನೊಂದು ಹಾಕಿಸಿಕೊಂಡರು. ಲಕ್ಷ್ಮಿದೇವಿ ನನ್ನ ಮುಖ ನೋಡುತ್ತಾ ಬಡಿಸಿದಳು. ಬಗ್ಗಿ ಏಳುವಾಗ ಆಕೆಯ ಕೈ ಗೋಡೆಗೆ ಹೋಯಿತು.

ಒಂದು ಮಾತು ಹೇಳಿಬಿಡುತ್ತೇನೆ. ಸರ್ಕಾರದವರು ಬ್ಯಾನರ್ ಕಟ್ಟುತ್ತಾರೆ, ಇಳಿಜಾರಿಗೆ ಅಡ್ಡ ಉಳು, ಬದು ಹಾಕು, ಹೊಂಡ ತೋಡು ಎಂದು ಮೈಕಿನಲ್ಲಿ ಹೇಳುತ್ತಾರೆ. ಎಲ್ಲಾ ಸರಿಯೇ. ನೀರಿಗೆ ದಿಕ್ಕು ಗೊತ್ತಿಲ್ಲ, ತಗ್ಗು ಮಾತ್ರ ಗೊತ್ತು, ಇದು ಕೂಸಿಗೂ ತಿಳಿಯುತ್ತದೆ. ನಮ್ಮ ಮನೆಯವರಿಗೆ ತಿಳಿಯದೇ? ಇಡೀ ಆಯುಷ್ಯ ಅದೇ ಇಳಿಜಾರಿನಲ್ಲಿ ಕುಂಟೆ ಹೊಡೆದವರು ಅವರು. ನೀರು ದಿನ್ನೆ ಹತ್ತುವುದಿಲ್ಲ ಎಂದು ತಿಳಿದೇ ದಿನ್ನೆಯ ಮೇಲೆ ತೋಡಿಸಿದರು. ಹೊಂಡ ಖಾಲಿ ಇದ್ದರೂ ಪರವಾಗಿಲ್ಲ, ಮನೆ ಖಾಲಿ ಆಗಬಾರದು ಎಂದು. ಇಂಥ ಮನುಷ್ಯನಿಗೆ ಯಾವ ಟ್ರೈನಿಂಗ್ ಕೊಟ್ಟು ತಿಳಿಸುತ್ತೀರಿ? ಅವರ ಭಯಕ್ಕೆ ಎದುರಾಗಿ ನಿಲ್ಲಬೇಕಾದವಳು ಪ್ರಸನ್ನ ಅಲ್ಲ.

*

ಮರುದಿನ ಬೆಳಿಗ್ಗೆ ಪ್ರಸನ್ನ ಸುಣ್ಣದ ಪುಡಿ, ಟೇಪು ಹಿಡಿದು ಬಂದಳು. ಲಕ್ಷ್ಮಿದೇವಿ ಬದುವಿನ ಮೇಲೆ ಬಿಂದಿಗೆ ಇಟ್ಟು ನಿಂತಿದ್ದಳು. ಮಲ್ಲಯ್ಯ ಕುರಿ ಬಿಟ್ಟುಕೊಂಡು ಬಂದವನು ಸುಮ್ಮನೆ ಹೋಗುವವನೇ, ಅವನೂ ನಿಂತ. ನಮ್ಮ ಮನೆಯವರು ದೂರದಲ್ಲಿ, ಬೇವಿನ ಗಿಡದ ಹತ್ತಿರ, ಬೆನ್ನು ತಿರುಗಿಸಿ ಕೂತಿದ್ದರು.

ನಾನು ಸೆರಗು ಸಿಕ್ಕಿಸಿ ಕೊರಕಲಿಗೆ ಇಳಿದೆ. ಮಣ್ಣು ಇನ್ನೂ ಹಸಿ ಇತ್ತು, ತಣ್ಣಗಿತ್ತು. ಮೇಲೆ ನೋಡಿದರೆ ಆಕಾಶದ ಒಂದು ತುಂಡು ಮಾತ್ರ.

"ಅವ್ವಾ, ಮೇಲೆ ಬಾ, ನಾನು ಗೆರೆ ಹಾಕಬೇಕು," ಎಂದಳು ಪ್ರಸನ್ನ.

"ನನ್ನ ಸುತ್ತ ಹಾಕವ್ವ," ಎಂದೆ.

ಆಮೇಲೆ ಬೇವಿನ ಗಿಡದವರೆಗೂ ಕೇಳಿಸುವಂತೆ, ಒಡಪು ಇಲ್ಲದೆ, ಹಾಡು ಇಲ್ಲದೆ, ನನ್ನ ಗಂಡನ ಹೆಸರು ಹಿಡಿದು ಕರೆದೆ. "ಟೇಪು ಹಿಡಿಯಾಕ ಬರ್ರಿ" ಎಂದೆ.

ಸ್ವಲ್ಪ ಹೊತ್ತಿಗೆ ಕೊರಕಲಿನ ಅಂಚಿನಲ್ಲಿ ಅವರ ಮುಖ ಕಾಣಿಸಿತು. ನಾನು ಇದ್ದೇನೆಯೇ ಎಂದು ಅವರು ನೋಡಿದರು. ಅವರು ಇದ್ದಾರೆಯೇ ಎಂದು ನಾನು ನೋಡಿದೆ. ಆಮೇಲೆ ಬಗ್ಗಿ, ಪ್ರಸನ್ನಳ ಕೈಯಿಂದ ಟೇಪಿನ ತುದಿ ತೆಗೆದುಕೊಂಡರು.

ಹೆಸರೇನೆಂದು ಕೇಳಬೇಡಿ, ಇಲ್ಲಿ ಬರೆಯುವುದಿಲ್ಲ: ಹೊಂಡ ಇನ್ನೂ ತೋಡಿ ಆಗಿಲ್ಲ, ಆ ಮನುಷ್ಯ ನನಗೆ ಬೇಕು.